ಪದ್ದು ಎಲ್ಲಿಗೆ ಮುಟ್ಟಿದಳು

ಮುಂಗೈಯ ಮೇಲೆ ಬೆಚ್ಚಗೆ ಏನೋ ಹರಿದ ಹಾಗೆ, ಬಿಸಿಲೇನೋ ಎಂದರೆ ಬಿಸಿಲಲ್ಲ, ಕೊಳವೆ, ಡಯಾಲಿಸಿಸ್ ಯಂತ್ರಕ್ಕೆ ಹೋಗಿ ತೊಳೆದುಕೊಂಡು ಮರಳುವ ತನ್ನದೇ ರಕ್ತ, ವಾರಿಜಾಕ್ಷಿ ಟೀಚರಿಗೆ ಆ ಬಿಸಿ ಇನ್ನೂ ಅಭ್ಯಾಸವಾಗಿಲ್ಲ, ಸೂಜಿ ಚುಚ್ಚಿದ ಎಡಗೈ ಅಲುಗಿಸುವ ಹಾಗಿಲ್ಲ, ಬಲಗೈಯಲ್ಲಿ ಇ-ರೀಡರ್, ಕಾಗದದ ಪುಸ್ತಕವಾಗಿದ್ದರೆ ಒಂದು ಕೈಯಲ್ಲಿ ಹಿಡಿಯುವುದೋ ಪುಟ ಮಗುಚುವುದೋ, ಅದಕ್ಕೇ ಮಗಳು ನವ್ಯಶ್ರೀ ಉಜಿರೆಯಿಂದ ತಂದು ಹೇಳಿಕೊಟ್ಟದ್ದು, ಅಮ್ಮಾ, ಯಾರೆಂದು ಮರೆತರೆ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿ, ಅವರು ಬರುವ ಸಾಲೆಲ್ಲ ಮೊದಲಿನಿಂದ ಕಾಣ್ತದೆ — ಮರೆಯುವುದೇನು ಸ್ವಲ್ಪವೇ, ಮನೆಗೆ ಹೋಗಿ ಮಲಗಿದರೆ ತಲೆಯೊಳಗೆ ಹತ್ತಿ ತುಂಬಿದ ಹಾಗೆ, ಮತ್ತೆ ಬೆಳ್ತಂಗಡಿಯ ಈ ಮಂಚಕ್ಕೆ ಬರುವಷ್ಟರಲ್ಲಿ ಕಾದಂಬರಿಯ ಹೆಂಚಿನ ಕಾರ್ಖಾನೆಯವರೆಲ್ಲ ಕಲಸಿಹೋಗಿರುತ್ತಾರೆ, ಗಿರಿಜೆ ಯಾರ ಸೊಸೆ, ದೋಣಿಯವ ಯಾರ ತಮ್ಮ, ಒತ್ತಿ ಹಿಡಿದರೆ ಹಾಜರಿ ಕರೆದ ಹಾಗೆ ಒಬ್ಬೊಬ್ಬರೇ ಎದ್ದು ನಿಲ್ಲುತ್ತಾರೆ, ಪದ್ದುವೊಬ್ಬಳನ್ನು ಮಾತ್ರ ಒತ್ತಬೇಕಾಗಿಯೇ ಇರಲಿಲ್ಲ, ಅವಳನ್ನು ಪಕ್ಕದ ಮಂಚದ ಆಸ್ಯಮ್ಮ ಮರೆಯಲು ಬಿಟ್ಟರಲ್ಲವೇ. ಒಬ್ಬರೇ ಎಂತ ಗೊಣಗುವುದು ಟೀಚರೇ, ಗಟ್ಟಿ ಓದಿ, ನನಗೂ ಹೊತ್ತು ಹೋಗಲಿ, ಎಂದದ್ದು ಅವರೇ, ಕನ್ನಡ ಓದಲು ಬಾರದ ಹೆಂಗಸು, ಕೇಳುವ ಕಿವಿ ಮಾತ್ರ ಎಂಥದ್ದು, ಜೇಡಿಮಣ್ಣು ಹೊತ್ತುಕೊಂಡೇ ಮೇಸ್ತ್ರಿಗೆ ಎದುರು ಮಾತನಾಡುವ ಪದ್ದು ಬಂದಾಗ ಕೊಳವೆ ಅಲುಗುವಷ್ಟು ನಕ್ಕು, ಅವಳ ಬಾಯಿ ನನ್ನದೇ ಬಾಯಿ ಟೀಚರೇ, ಆಮೇಲೆ ಬಂದದ್ದೇ ತಡ, ತೂಕ ನೋಡುವ ಮೊದಲೇ ಅದೇ ಪ್ರಶ್ನೆ, ಪದ್ದು ಎಲ್ಲಿಗೆ ಮುಟ್ಟಿದಳು — ಮಡಂತ್ಯಾರಿನಿಂದ ಗೂಡ್ಸ್ ಟೆಂಪೋದಲ್ಲಿ ಅವರನ್ನು ತರುವ ಮಗ ಹನೀಫ ಒಮ್ಮೆ ಬಾಗಿಲ ಬಳಿ ತಡೆದು ಹೇಳಿದ್ದ, ಉಮ್ಮ ಸಾಕು, ಇನ್ನು ಹೋಗುವುದಿಲ್ಲ ಅಂತ ಹಟ ಹಿಡೀತಾರೆ ಟೀಚರ್, ಪದ್ದುವಿನ ಹೆಸರು ಹೇಳಿದರೆ ಎದ್ದು ಕುಳಿತುಕೊಳ್ತಾರೆ, ನೀವು ಬೇಗ ಮುಗಿಸಬೇಡಿ ಆಯಿತಾ. ಮುಗಿಸಬಾರದು, ಮುಗಿಸಬಾರದು ಎಂದುಕೊಂಡೇ ಒಂದು ಮಧ್ಯಾಹ್ನ, ಪದ್ದು ಮೇಸ್ತ್ರಿಗೆ ಬೈದದ್ದು ಇನ್ನೊಮ್ಮೆ ಓದಿ ಎಂದು ಆಸ್ಯಮ್ಮ ಕೇಳಿದ್ದಕ್ಕೆ ಹೆಸರನ್ನು ಒತ್ತಿ ಹಿಡಿದದ್ದು, ಬೆರಳು ಜಾರಿ ಸಾಲುಗಳೆಲ್ಲ ಸರಸರನೆ ಓಡಿ ಒಮ್ಮೆಗೇ ನಿಂತದ್ದು, ಪುಸ್ತಕ ಇನ್ನೂ ಅರ್ಧ ಉಳಿದಿರುವಾಗಲೇ. ಕೊನೆಯ ಸಾಲು ನಡುವಿನಲ್ಲೇ ತುಂಡಾಗಿತ್ತು, ಪದ್ದುವಿನ ಚಾಪೆಯನ್ನು ಹೊಳೆಗೆ ಬಿಟ್ಟು — ಅದರ ಕೆಳಗೆ ಬಿಳಿ.

ಹಿಂದಿನದ್ದನ್ನು ನೆನಪು ಮಾಡಿಕೊಡುವ ವಸ್ತುವಿಗೆ ಮುಂದಿನದ್ದೂ ಗೊತ್ತಿರುತ್ತದೆಂದು ಹೊಳೆದೇ ಇರಲಿಲ್ಲ. ಆ ಸಾಲನ್ನು ಮುಟ್ಟಿದರೆ ಪುಟ ತೆರೆಯುತ್ತಿತ್ತು, ಮುಟ್ಟಲಿಲ್ಲ, ಸತ್ತವರ ಚಾಪೆಯನ್ನಲ್ಲದೆ ಯಾರದ್ದನ್ನು ಹೊಳೆಗೆ ಬಿಡುತ್ತಾರೆ, ಪದ್ದು ಹೇಗೆ ಹೋದಳೆಂದು ಇವತ್ತಿಗೂ ಗೊತ್ತಿಲ್ಲ, ಆ ಅಧ್ಯಾಯವನ್ನೇ ಹಾರಿ ಗಿರಿಜೆ ಎಂದು ಬಂದಲ್ಲೆಲ್ಲ ಪದ್ದು ಎಂದು ಓದತೊಡಗಿದರು, ಗಿರಿಜೆ ದನ ಕೊಂಡರೆ ಪದ್ದು ಕೊಂಡಳು, ಗಿರಿಜೆ ಮಗಳಿಗೆ ಜಡೆ ಹೆಣೆದರೆ ಪದ್ದುವಿಗೊಂದು ಮಗಳು, ಅತ್ತೆ ಬೈದಾಗ ಗಿರಿಜೆ ಸೆರಗು ಕಚ್ಚಿ ಅತ್ತಳು, ಅಲ್ಲಿ ಆಸ್ಯಮ್ಮ ತಲೆ ಎತ್ತಿದರು, ಪದ್ದು ಬಾಯಿ ಮುಚ್ಚಿ ಕೂರುವವಳಾ ಟೀಚರೇ? ಪ್ರಾಯವಾದ ಹಾಗೆ ಜನ ಬದಲಾಗ್ತಾರೆ ಆಸ್ಯಮ್ಮ. ಹೌದಾ, ಎಂದರು, ಅಷ್ಟೇ, ಆ ಹೌದಾದಲ್ಲಿ ಎಂತ ಇತ್ತು, ಆಗಲೇ ಕೇಳಿಸಿಕೊಳ್ಳಬೇಕಿತ್ತು, ಈಗ ಏನು ಮಾಡುವುದು, ಇವತ್ತು ಅವರ ಕೈಯಲ್ಲಿ ನರ ಸಿಗದೆ ಸಿಸ್ಟರುಗಳು ಬೆವರಿಹೋದರು, ಕುತ್ತಿಗೆಯಲ್ಲೇ ತೂತು ಮಾಡಬೇಕಾಯಿತು, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವರಿಗೆ ಪದ್ದು ಬಂಗುಡೆ ಹುರಿಯುವುದನ್ನು ಓದುತ್ತಿದ್ದರೆ, ನಡುವಿನಲ್ಲೇ, ಮೆಲ್ಲಗೆ,

ಟೀಚರೇ, ಪದ್ದು ಸತ್ತದ್ದು ಯಾವಾಗ?

ಎಂತ ಹೇಳ್ತೀರಿ ಆಸ್ಯಮ್ಮ, ಇಲ್ಲೇ ಇದ್ದಾಳಲ್ಲ, ಮೀನು ಹುರೀತಾ — ಇವಳು ಯಾರೋ ಒಳ್ಳೆಯ ಹೆಂಗಸು, ಎಂದರು ಆಸ್ಯಮ್ಮ, ಇವಳಿಂದ ನನಗೆ ಆಗಬೇಕಾದ್ದು ಏನೂ ಇಲ್ಲ. ನಾನು ಇನ್ನು ಬರುವುದಿಲ್ಲ ಟೀಚರೇ. ಹನೀಫನಿಗೆ ಹೇಳಿ ಆಗಿದೆ, ಅವ ಟೆಂಪೋದಲ್ಲಿ ಕುಳಿತು ಅಳ್ತಾ ಇದ್ದಾನೆ, ಅಳಲಿ. ಪದ್ದುವಿನದ್ದನ್ನು ಇದ್ದ ಹಾಗೆ ಓದಿ, ಕೇಳಿಕೊಂಡು ಹೋಗ್ತೇನೆ. ಬರಬೇಕು ಎನ್ನಬೇಕು, ಯಾವ ಬಾಯಲ್ಲಿ, ತನ್ನ ಕೈಯ ಈ ನರವೂ ಎಷ್ಟು ದಿನದ್ದು, ಅವರಿಲ್ಲದಿದ್ದರೆ ಈ ಮಂಚದಲ್ಲಿ ಯಾರಿಗೆ ಓದುವುದು, ಮೋಸ ಮಾಡಿದೆನೆಂದಾದರೂ ಬೈಯಬಾರದೇ, ಬೈಯುವುದಿಲ್ಲ, ಕುತ್ತಿಗೆ ತಿರುಗಿಸಲಾಗದೆ ಗೋಡೆಯನ್ನೇ ನೋಡುತ್ತ ಕಾಯುತ್ತಿದ್ದಾರೆ. ಬೆರಳು ಹೆಸರಿನ ಮೇಲೆ, ಒತ್ತಿ ಹಿಡಿದರು, ಪದ್ದು ಮಣ್ಣು ಹೊತ್ತಳು, ಪದ್ದು ನಕ್ಕಳು, ಪದ್ದು ಮೇಸ್ತ್ರಿಯನ್ನು ಏನೋ ಎಂದಳು, ಇನ್ನೂ ಕೆಳಗೆ, ಪದ್ದುವಿಗೆ ಕೆಮ್ಮು, ಪದ್ದು ಎದ್ದು ಕುಳಿತಳು, ಇನ್ನೂ, ಓದ್ತೀರಾ ಟೀಚರೇ, ಓದ್ತೇನೆ, ಓದ್ತೇನೆ ಆಸ್ಯಮ್ಮ, ಪದ್ದುವಿನ ಚಾಪೆಯನ್ನು ಹೊಳೆಗೆ ಬಿಟ್ಟು — ಮುಟ್ಟಿದರೆ ತೆರೆಯುತ್ತದೆ, ಬೆರಳು ಗಾಜಿನಿಂದ ಕೂದಲೆಳೆಯಷ್ಟು ಮೇಲೆ, ಹೊಳೆಗೆ ಬಿಟ್ಟು — ಚಾಪೆ, ನೀರಿನ ಮೇಲೆ, ಬಿಚ್ಚಿಕೊಳ್ಳುತ್ತಾ, ಚಾಪೆ —