ಒಂದೇ ಒಂದು ತಿಯಾತೊ ಗಿಡ

ಹ್ಯೂಸ್ಟನ್ನಿನ ನಮ್ಮ ಬೀದಿಯಲ್ಲಿ ಮನೆ ಮುಂದೆ ಹುಲ್ಲು ಬೆಳೆಸುವುದು ಊರವರ ಕಣ್ಣಿಗೆ, ಹಿತ್ತಿಲಲ್ಲಿ ಸೊಪ್ಪು ಬೆಳೆಸುವುದು ನಮ್ಮ ಹೊಟ್ಟೆಗೆ. ನನ್ನ ಹಿತ್ತಿಲಲ್ಲಿ ನಿಂಬೆಹುಲ್ಲು, ಹೀರೆಯ ಚಪ್ಪರ, ಮೀನುವಾಸನೆಯ ಸೊಪ್ಪು ಎಲ್ಲ ಇದ್ದವು. ಇಲ್ಲದ್ದು ತಿಯಾತೊ ಒಂದೇ. ಮೇಲೆ ಹಸಿರು, ಕೆಳಗೆ ನೇರಳೆ, ಸುಕ್ಕುಸುಕ್ಕಾದ ಎಲೆ; ನಮ್ಮವರಿಗೆ ಊಟಕ್ಕೂ ಬೇಕು, ಮದ್ದಿಗೂ ಬೇಕು. ಅದು ಇದ್ದದ್ದು ಬೇಲಿಯಾಚೆ, ಪಕ್ಕದ ಮನೆಯ ದಾವ್ ದೊಡ್ಡಮ್ಮನ ಕುಂಡದಲ್ಲಿ.

ದೊಡ್ಡಮ್ಮ ವಿಯೆಟ್ನಾಮಿನ ಉತ್ತರದವರು, ನಾವು ದಕ್ಷಿಣದವರು. ಮಗನ ಮನೆಗೆ ಬರುವಾಗ, ಅವರಮ್ಮ ಬೆಳೆಸುತ್ತಿದ್ದ ಗಿಡದ ಬೀಜವನ್ನು ಕೋಟಿನ ಅಂಚಿನಲ್ಲಿಟ್ಟು ಹೊಲಿದು ತಂದಿದ್ದರು. ಊರಿನ ಹಿತ್ತಿಲಿಗೆ ಈಗ ಕಾಂಕ್ರೀಟು ಬಿದ್ದಿದೆ. ಇಲ್ಲಿ ಇರುವೆ ಹೊತ್ತದ್ದು ಹೊತ್ತು, ಮಳೆ ಕೊಚ್ಚಿದ್ದು ಕೊಚ್ಚಿ ಉಳಿದದ್ದು ಒಂದೇ ಗಿಡ.

ನಾನು ಎರಡೆಲೆ ಕೇಳಿದ್ದೆ.

“ಬೀಜ ಆಗೋವರೆಗೂ ಮುಟ್ಟೋ ಹಾಗಿಲ್ಲ ಥೋವಾ. ಇದು ಹೋದ್ರೆ ನಮ್ಮಮ್ಮನ ಗಿಡಾನೇ ಹೋಯ್ತು.”

“ಎರಡೆಲೆಗೆ ಗಿಡ ಬೋಳಾಗುತ್ತಾ ದೊಡ್ಡಮ್ಮ?”

“ನಿನ್ನ ಎರಡೆಲೆ ನಂಗೊತ್ತಿಲ್ವಾ? ಬಸವನಹುಳಾನೇ ವಾಸಿ ಕಣೇ!”

ಮೂತಿ ಉಬ್ಬಿಸಿಕೊಂಡು ಬಂದೆ.

ಸೆಪ್ಟೆಂಬರ್ ಕೊನೆಗೆ ಗಿಡ ತೆನೆ ಬಿಟ್ಟಿತು. ಆ ವಾರವೇ ನನ್ನ ಮಗಳು ಸೆನ್ ಹಾಸ್ಟೆಲಿನಿಂದ ಬಂದಳು. ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ದೊಡ್ಡಮ್ಮನ ಹತ್ತಿರ ಗೋಳು ತೋಡಿಕೊಂಡೆ.

“ಸೆನ್ ತುಂಬಾ ಓಮ್ ಆಗ್ಬಿಟ್ಟಿದಾಳೆ ದೊಡ್ಡಮ್ಮ. ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ.”

ದೊಡ್ಡಮ್ಮನ ಮುಖ ಇಳಿದುಹೋಯಿತು. ಮಾತಿಲ್ಲ ಕತೆಯಿಲ್ಲ, ಸರಸರ ಒಳಗೆ ಹೋದರು. ಒಂದು ‘ಅಯ್ಯೋ’ ಅನ್ನುವುದಕ್ಕೂ ಇವರಿಗೆ ದಾರಿದ್ರ್ಯವೇ ಎಂದು ನನಗೆ ಸಿಟ್ಟು ಬಂತು.

ಮಧ್ಯಾಹ್ನ ಬಾಗಿಲು ಬಡಿದದ್ದು ಅವರೇ. ಕೈಯಲ್ಲಿ ಬಿಸಿ ಗಂಜಿಯ ಪಾತ್ರೆ. ಒಳಗೆ ಮೊಟ್ಟೆ, ಎಳೆ ಈರುಳ್ಳಿ, ಗಂಜಿಯೇ ಕಾಣದಷ್ಟು ತಿಯಾತೊ. ಕಂಕುಳಲ್ಲಿ ಆ ಒಂದೇ ಗಿಡದ, ಬುಡದಿಂದ ಕೊಯ್ದ ಕಡ್ಡಿಗಳ ಕಟ್ಟು, ಹಸಿ ತೆನೆಯೂ ಅದರಲ್ಲೇ.

“ಬಿಸಿ ಇರುವಾಗ್ಲೇ ತಿನ್ನಿಸು, ಬೆವರಲಿ. ಈ ಕಡ್ಡಿ ಕುದಿಸಿ, ಕಂಬಳಿ ಹೊದಿಸಿ ಹಬೆ ಕೊಡು. ಜ್ವರ ಎಷ್ಟಿದೆ?”

“ಯಾರಿಗೆ ಜ್ವರ?”

“ನೀನೇ ಅಂದ್ಯಲ್ಲೇ, ಓಮ್ ಅಂತ!”

ಆಗ ಹೊಳೆಯಿತು. ನಮ್ಮ ದಕ್ಷಿಣದ ಬಾಯಲ್ಲಿ ಓಮ್ ಅಂದರೆ ಸಣಕಲು. ಅವರ ಉತ್ತರದಲ್ಲಿ ಅದೇ ಮಾತಿಗೆ ಕಾಯಿಲೆ ಎಂದರ್ಥ. ನನ್ನ ಬೆನ್ನ ಹಿಂದೆ ಸೆನ್, ಕೈಯಲ್ಲೊಂದು ಕೋಳಿಕಾಲು ಹಿಡಿದು, “ಚೆನ್ನಾಗಿದೀರಾ ಅಜ್ಜಿ?” ಎನ್ನುತ್ತಿದ್ದಳು.

“ದೊಡ್ಡಮ್ಮ, ನಮ್ಮ ಕಡೆ ಓಮ್ ಅಂದ್ರೆ... ಸಣ್ಣ ಆಗೋದು,” ಎಂದು ತೊದಲಿದೆ.

ಅವರು ಸೆನ್‌ಳನ್ನು ನೋಡಿದರು, ಕಂಕುಳಿನ ಕಟ್ಟನ್ನು ನೋಡಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ನಿಂತೆ.

“ಹಾಗಾದ್ರೆ ಕಾಯಿಲೆ ಇಲ್ವಾ?”

“ಇಲ್ಲ ದೊಡ್ಡಮ್ಮ.”

“ಸದ್ಯ!” ಎಂದು ಮೆಟ್ಟಿಲ ಮೇಲೇ ಕುಸಿದು ಕೂತರು. “ಜೀವ ಬಂತು ನೋಡು. ಸಣ್ಣ ಆಗಿದ್ರೆ ತಿನ್ನಿಸಿದ್ರಾಯ್ತು. ಗಂಜಿ ಆರೋಗುತ್ತೆ, ಬನ್ನಿ ಇಬ್ರೂ.”

ಗಿಡದ ಮಾತೇ ಎತ್ತಲಿಲ್ಲ. ನನ್ನ ಹೆತ್ತಮ್ಮ ಇದ್ದಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ಗಂಜಿಯನ್ನು ಅಳುತ್ತಲೇ ತಿಂದೆ.

ಕಡ್ಡಿಗಳನ್ನು ಕುದಿಸಲಿಲ್ಲ. ಕಾಗದದ ಚೀಲದೊಳಗೆ ತಲೆಕೆಳಗಾಗಿ ಕಟ್ಟಿ ಗ್ಯಾರೇಜಿನಲ್ಲಿ ನೇತುಹಾಕಿದೆ. ಒಣಗಿದ ಮೇಲೆ ತಳದಲ್ಲಿ ಸಾಸಿವೆಗಿಂತ ಸಣ್ಣ ಬೀಜಗಳು ಉದುರಿದವು, ಮುಕ್ಕಾಲು ಪಾಲು ಜೊಳ್ಳು. ಸುಮ್ಮನೆ ಆಸೆ ಹುಟ್ಟಿಸುವುದು ಬೇಡವೆಂದು ದೊಡ್ಡಮ್ಮನಿಗೆ ಹೇಳಲಿಲ್ಲ.

ಮಾರ್ಚಿನಲ್ಲಿ ನಾಲ್ಕಾರು ಮೊಳೆತವು. ಎಲೆಯ ಬೆನ್ನು ನೇರಳೆಗೆ ತಿರುಗಿದ ದಿನ ಕುಂಡ ಎತ್ತಿಕೊಂಡು ಅವರ ಮನೆಗೆ ಹೋದೆ.

ದೊಡ್ಡಮ್ಮ ಒಂದೆಲೆ ತಿರುವಿದರು, ಮೂಸಿದರು. ಆಮೇಲೆ ಕಡ್ಡಿಯಂಥ ಆ ಸಸಿಯನ್ನು ಬೆರಳಿನಿಂದ ಸವರಿ, “ಅಮ್ಮಾ, ಎಷ್ಟು ಓಮ್ ಆಗಿದೀಯಲ್ಲೇ!” ಎಂದರು.

“ಯಾವ ಕಡೆ ಓಮ್ ದೊಡ್ಡಮ್ಮ?”

ಕಣ್ಣೊರೆಸಿಕೊಂಡು ನಕ್ಕರು. “ನಿನ್ನ ಕಡೇದೇ ಕಣೇ.”