ದೀಪ ನುಂಗುವ ಕಪ್ಪೆ

ಎರಡು ಕಣ್ಣುಗಳ ಪೊರೆಯನ್ನೂ ಒಂದರ ಹಿಂದೊಂದರಂತೆ ತೆಗೆಸಿಕೊಂಡು, ಹೊಗೆಗೂ ಧೂಳಿಗೂ ಮುಖ ಕೊಡಬಾರದೆಂಬ ಡಾಕ್ಟರ ಅಪ್ಪಣೆಯಂತೆ ಎರಡು ತಿಂಗಳು ಮನೆಯೊಳಗೇ ಕುಳಿತಿದ್ದ ಆವಲಪ್ಪನು, ಭಾದ್ರಪದದ ಒಂದು ಬೆಳಗ್ಗೆ ಕಪ್ಪು ಕನ್ನಡಕ ಧರಿಸಿ ದೊಡ್ಡನೆಕ್ಕುಂದಿಯ ತನ್ನ ಮನೆಯ ಮೆಟ್ಟಿಲಿಳಿದನು.

"ದೂರ ಹೋಗ್ಬೇಡಿ ಕಣ್ರೀ. ಕನ್ನಡಕ ತೆಗ್ದೀರಾ, ನೋಡಿ ಮತ್ತೆ," ಎಂದು ಮಹಡಿಯಿಂದ ಹೆಂಡತಿ ಕಮಲಮ್ಮ ಎಚ್ಚರಿಸಿದಳು.

"ದೂರ ಎಲ್ಲೋಗ್ತೀನಿ? ಅವ್ವನ್ನ ನೋಡ್ಕಂಡು ಬತ್ತೀನಿ."

ಅವ್ವನೆಂದರೆ ಪಿಳ್ಳಮ್ಮ. ಆಕೆ ತೀರಿಕೊಂಡು ಮೂವತ್ತು ವರ್ಷಗಳಾಗಿದ್ದವು. ಕುಲದ ಪದ್ಧತಿಯಂತೆ ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡಿ, ತಲೆಯ ಕಡೆಗೊಂದು ಕಲ್ಲು ನೆಟ್ಟು, ಅಮಾವಾಸ್ಯೆಗೊಮ್ಮೆ ಆವಲಪ್ಪ ದೀಪ ಹಚ್ಚಿ ಬರುತ್ತಿದ್ದನು. ಮುಂದೆ ಆ ರಾಗಿಯ ಹೊಲ ಟೆಕ್ ಪಾರ್ಕಿನವರ ಪಾಲಾಯಿತು. ಕೊಡುವಾಗ ಅವನು ಕೇಳಿಕೊಂಡದ್ದು ಒಂದೇ ಮಾತು: ಅವ್ವನನ್ನು ಅಗೆಯಬಾರದು. ದಲ್ಲಾಳಿ ಎದೆ ಮುಟ್ಟಿಕೊಂಡು ಒಪ್ಪಿದ. ಅದನ್ನು ಪತ್ರದಲ್ಲಿ ಬರೆಸಿರೆಂದು ಬರಹಗಾರನೇ ಹೇಳಿದಾಗ ಆವಲಪ್ಪ ಬೇಡವೆಂದಿದ್ದನು. ಹೆತ್ತವಳ ಸಮಾಧಿಯ ಗುಡ್ಡೆಯನ್ನು ಕ್ರಯಪತ್ರದಲ್ಲಿ ಕಾಣಿಸಿದರೆ ಅವಳನ್ನೂ ಮಾರಿದಂತಾಗುತ್ತದೆಂದು ಅವನ ಜೀವ ಹಿಂಜರಿದಿತ್ತು.

ಕಾಂಪೌಂಡು ಗೋಡೆ ಗುಡ್ಡೆಗೆ ಒತ್ತಿಕೊಂಡೇ ಎದ್ದಿತು. ಕಲ್ಲೂ ಮಣ್ಣೂ ಗೋಡೆಯಾಚೆ ಹುಲ್ಲುಹಾಸಿನಡಿ ಸೇರಿಹೋದವು. ಆದರೆ ಗೋಡೆ ಕಟ್ಟಿದ ಮೇಸ್ತ್ರಿ ಕರುಣೆಯುಳ್ಳವನು. ಯಾರನ್ನೂ ಕೇಳದೆ, ಬೀದಿಯ ಕಡೆಯ ಮುಖದಲ್ಲಿ, ನಿಂತವನ ಎದೆಮಟ್ಟಕ್ಕೆ, ಎರಡು ಇಟ್ಟಿಗೆಯಗಲದ ಗೂಡೊಂದನ್ನು ಬಿಟ್ಟುಕೊಟ್ಟನು. ಅಂದಿನಿಂದ ಆ ಗೂಡೇ ಪಿಳ್ಳಮ್ಮ. ದೀಪ ಹಚ್ಚುವುದು ಮಗನ ಕೆಲಸ, ಸೊಸೆ ಹಚ್ಚುವಂತಿಲ್ಲ. ಹಾಗಾಗಿ ಕಣ್ಣಿನ ದೆಸೆಯಿಂದ ಎರಡು ಅಮಾವಾಸ್ಯೆ ಗೂಡು ಕತ್ತಲಾಗಿ ಉಳಿದಿತ್ತು. ಬರುವ ಮಹಾಲಯ ಅಮಾವಾಸ್ಯೆಗೆ ಅದನ್ನು ಗುಡಿಸಿ ಒರೆಸಿ ಅಣಿಮಾಡಬೇಕೆಂಬುದು ಅವನ ಆತುರ.

ಬೀದಿಯ ತಿರುವಿನಲ್ಲಿ ಯಮನೂರ ಸಿಕ್ಕನು. ಕೊಪ್ಪಳದ ಕಡೆಯವನು, ಗೋಡೆಗೆ ಗಿಲಾವು ಮಾಡುವ ಮೇಸ್ತ್ರಿ, ಆವಲಪ್ಪನ ಕೆಳಗಿನ ರೂಮಿನಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದವನು. ಕರಣೆ, ಮಟ್ಟಗೋಲುಗಳ ಚೀಲ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೊರಟಿದ್ದನು.

"ಏನ್ರಿ ಯಜಮಾನ್ರ, ಹೊಸಾ ಕಣ್ಣು, ಹೊಸಾ ಊರು."

"ಊರೇನಯ್ಯ ಹೊಸದು? ಅದೇ ಗುಂಡಿ, ಅದೇ ಟ್ಯಾಂಕರು."

"ಮುಂದ ಬರ್ರಿ, ತೋರಿಸ್ತೀನಿ."

ಟ್ರಾನ್ಸ್‌ಫಾರ್ಮರಿನ ಹಿಂದಿನ ಗೋಡೆಯ ಮೇಲೆ ಎಮ್ಮೆಯೊಂದು ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಓಡಿಸುತ್ತಿತ್ತು. ಎಡಕ್ಕೆ ತಿರುಗುವೆನೆಂದು ತೋರಿಸಲು ಬಾಲವನ್ನು ಎಡಕ್ಕೆ ಚಾಚಿತ್ತು. ಆವಲಪ್ಪ ನಿಂತುಬಿಟ್ಟನು. ಜೀವಮಾನವೆಲ್ಲ ಎಮ್ಮೆ ಕಟ್ಟಿದವನು ಅವನು. ಚಿತ್ರ ಬರೆದವರು ಕೊಂಬಿನ ಬಾಗನ್ನು ತಪ್ಪಿಲ್ಲದೆ ಹಿಡಿದಿದ್ದರು. ಮುಂದಿನ ಮನೆಯ ಗೋಡೆಗೆ ಆನೆ ಬಂದಿತ್ತು. ತಾರಸಿಯಿಂದ ಇಳಿದ ನೀರಿನ ಪೈಪೇ ಅದರ ಸೊಂಡಿಲು, ಅದರಿಂದ ನಿಜವಾದ ನೀರೇ ತೊಟ್ಟಿಕ್ಕುತ್ತಿತ್ತು. ಕರೆಂಟು ಮೀಟರಿನ ಪೆಟ್ಟಿಗೆಯನ್ನು ಕೋತಿಯೊಂದು ಸೂಟ್‌ಕೇಸಿನಂತೆ ಹಿಡಿದು ಬಸ್ಸಿಗೆ ಕಾಯುತ್ತಿತ್ತು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಕೀಳದೆ, ಅದರ ಕೆಳಗೊಂದು ಬೋಳುತಲೆಯನ್ನೂ ಪಕ್ಕದಲ್ಲಿ ಕತ್ತರಿ ಹಿಡಿದ ಕ್ಷೌರಿಕನನ್ನೂ ಬರೆದಿದ್ದರು.

"ಹುಡುಗ ಹುಡುಗೇರು ಬಂದು ಹದಿನೈದ್ ದಿನ ಬರದ್ರರಿ," ಎಂದನು ಯಮನೂರ. "ಗ್ವಾಡಿಮ್ಯಾಲ ಏನೈತಿ ಅದನ್ನ ಬಿಡೂದಿಲ್ಲ ಅವರು. ತೂತು, ಪೈಪು, ಎಲ್ಲಾ ಬೇಕು ಅವರಿಗೆ. ನಾವು ಗಿಲಾವು ಮಾಡಿದ ಗ್ವಾಡಿ ಯಾವನೂ ತಿರುಗಿ ನೋಡಿದ್ದಿಲ್ಲ, ಈಗ ನಿಂತು ಫೋಟೋ ತಗೀತಾರ."

ಆವಲಪ್ಪ ಒಂದೊಂದರ ಮುಂದೆಯೂ ನಿಂತು ನಿಂತು ನಕ್ಕನು. ಎರಡು ತಿಂಗಳ ಕತ್ತಲೆಯ ತರುವಾಯ ಕಂಡ ಬಣ್ಣಗಳು ಅವನ ಕಾಲಿಗೆ ಹುರುಪು ತಂದಿದ್ದವು. ಮಾತಾಡುತ್ತ ನಗುತ್ತ ಎಷ್ಟು ದೂರ ಬಂದೆನೆಂಬುದರ ಪರಿವೆಯೂ ಅವನಿಗಿರಲಿಲ್ಲ. ಆಗ ಕಂಡಿತು ಕಪ್ಪೆ. ಆಳೆತ್ತರದ ಹಸಿರು ಕಪ್ಪೆ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಉಬ್ಬಿದ ಕಣ್ಣುಗಳಲ್ಲಿ ಮೀಟಿಂಗಿಗೆ ತಡವಾದವನ ಗಾಬರಿ. ಆಕಳಿಸುವಂತೆ ತೆರೆದ ಬಾಯಿ ಮಾತ್ರ ಬಣ್ಣದ್ದಲ್ಲ. ಗೋಡೆಯಲ್ಲಿ ನಿಜವಾಗಿಯೂ ಇದ್ದ ತೂತು ಅದು, ಒಳಗೆ ಗಂಟಲು ಕಪ್ಪಗೆ ಮಿನುಗುತ್ತಿತ್ತು.

ಆವಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕನು. ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡನು.

"ನೋಡಯ್ಯ ಅದರ ಬಾಯ. ಸೊಳ್ಳೆ ಅಲ್ಲ, ಮನುಸನ್ನೇ ನುಂಗೋ ಹಂಗೈತೆ."

ಯಮನೂರ ನಗಲಿಲ್ಲ. ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿಕೊಂಡನು.

"ಯಜಮಾನ್ರ," ಎಂದನು ಮೆಲ್ಲಗೆ, "ನಿಮಗ ಹ್ಯಾಂಗ ಹೇಳಬೇಕಂತ ನನಗ ತಿಳೀವಲ್ದಾಗಿತ್ತು."

ಎದುರಿಗೆ, ಅವ್ವನ ಗೂಡಿಗೆ ಅವನು ಗುರುತಿಟ್ಟುಕೊಂಡಿದ್ದ ಹೊಂಗೆಯ ಮರದ ಮೋಟು. ಅದರಿಂದ ಹನ್ನೊಂದು ಹೆಜ್ಜೆ. ಆವಲಪ್ಪ ಎಣಿಸಲಿಲ್ಲ, ಕಾಲುಗಳೇ ಎಣಿಸಿದವು. ನಗೆಯಿನ್ನೂ ಅವನ ಮುಖದ ಮೇಲೆಯೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಕಪ್ಪೆಯ ಬಾಯಾಗಿದ್ದ ಗೂಡಿನೊಳಗೆ ಕೈಯಿಟ್ಟನು. ಚಿಪ್ಸಿನ ಪೊಟ್ಟಣ, ಎಳನೀರಿನ ಕೊಳವೆ, ಮಡಿಸಿದ ಬಸ್ ಟಿಕೆಟು ಕೈಗೆ ಬಂದವು. ಗೇಟಿನ ಕಡೆಯಿಂದ ಕಾವಲುಗಾರನೊಬ್ಬ ಓಡಿ ಬಂದನು. ಒಡಿಶಾದ ಕಡೆಯ ಹುಡುಗ, ಕನ್ನಡ ಅವನಿಗೆ ಹೊಸದು.

"ಸಾರ್, ಪೇಂಟಿಂಗ್ ಟಚ್ ಮಾಡಬೇಡಿ."

"ಇದು ನಮ್ಮವ್ವನ ಗೂಡು ಕಣಪ್ಪ."

"ಅವ್ವ ಅಂದ್ರೆ?"

"ತಾಯಿ. ಮಾ."

"ಮಾ ಎಲ್ಲಿ ಇದೆ?"

ಆವಲಪ್ಪ ಗೋಡೆಯ ಕಡೆ ಕೈ ತೋರಿದನು. ಹುಡುಗ ಕಾಲ್ಬೆರಳ ಮೇಲೆ ನಿಂತು ಗೋಡೆಯಾಚೆ ಇಣುಕಿ ನೋಡಿದನು. ಅಲ್ಲಿ ಹುಲ್ಲಿಗೆ ನೀರು ಬಿಡುತ್ತಿದ್ದ ಕೊಳವೆಯ ಹೊರತು ಯಾರೂ ಇರಲಿಲ್ಲ. ಅವನು ಮರ್ಯಾದೆಯಿಂದಲೇ ಹೇಳಿದನು, "ಆಫೀಸ್ ಟೈಮಲ್ಲಿ ಬನ್ನಿ ಸಾರ್."

ಭಾನುವಾರ ಚಿತ್ರಗಾರರು ಬಣ್ಣ ತಿದ್ದಲು ಬರುವರೆಂದು ಯಮನೂರ ವಿಚಾರಿಸಿಕೊಂಡು ಬಂದನು. ಮೂರು ದಿನ ಆವಲಪ್ಪ ಬೈಗುಳಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡನು. ಭಾನುವಾರ ಹೋಗಿ ನೋಡಿದರೆ, ಸ್ಟೂಲಿನ ಮೇಲೆ ನಿಂತು ಕಪ್ಪೆಯ ಹುಬ್ಬು ತಿದ್ದುತ್ತಿದ್ದವಳು ಮೊಮ್ಮಗಳ ವಯಸ್ಸಿನ ಹುಡುಗಿ. ಹೆಸರು ಶಿವಾನಿ. ಮೂಗಿನ ತುದಿಗೆ ಹಸಿರು ಮೆತ್ತಿಕೊಂಡಿತ್ತು.

"ಇಷ್ಟ ಆಯ್ತಾ ತಾತ?" ಎಂದು ಅವಳೇ ಮೊದಲು ಕೇಳಿದಳು. "ಎಲ್ಲಕ್ಕಿಂತ ಇದೇ ನನ್ನ ಫೇವರಿಟ್. ಈ ತೂತಲ್ಲಿ ಮಸಿ ಹಿಡ್ಕೊಂಡಿತ್ತು, ಒಳಗಡೆ ಪೂರ್ತಿ. ಎಷ್ಟೋ ವರ್ಷದ ಮಸಿ. ಅದನ್ನ ನೋಡಿದ ತಕ್ಷಣ ಗಂಟಲು ಅನ್ನಿಸಿಬಿಡ್ತು. ಆ ಕಪ್ಪು ನಮ್ಮ ಯಾವ ಡಬ್ಬಿಯಲ್ಲೂ ಸಿಗಲ್ಲ. ನಾನು ಅದನ್ನ ಮುಟ್ಟೇ ಇಲ್ಲ, ಸುತ್ತ ಕಪ್ಪೆ ಬರೆದೆ ಅಷ್ಟೆ."

ಅದು ಯಾವ ಮಸಿಯೆಂಬುದನ್ನು ಆವಲಪ್ಪ ಹೇಳಿದನು. ಬೈಗುಳಗಳು ಬಾಯಿಗೆ ಬರಲಿಲ್ಲ. ನಡೆದದ್ದನ್ನು ನಡೆದಂತೆ, ದಲ್ಲಾಳಿಯ ಮಾತು, ಮೇಸ್ತ್ರಿಯ ಗೂಡು, ತಿಂಗಳಿಗೊಂದರಂತೆ ಹಚ್ಚಿದ ಹರಳೆಣ್ಣೆಯ ದೀಪ, ಎಲ್ಲವನ್ನೂ ಹೇಳಿದನು. ಶಿವಾನಿ ಸ್ಟೂಲಿನಿಂದಿಳಿದಳು. ಕುಂಚವನ್ನು ಹಿಡಿದ ಕೈ ಕೆಳಗಾಗಿ, ಹಸಿರು ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ನಂಗೆ ಗೊತ್ತಿರ್ಲಿಲ್ಲ ತಾತ."

"ನಿಂಗೆಂಗೆ ಗೊತ್ತಾಗ್ಬೇಕವ್ವ? ನಾನೇ ನಕ್ಕೆ, ನೋಡ್ದೇಟ್ಗೆ."

ಕಂಪನಿಯವರೊಡನೆ ಮಾತಾಡಿ ಸರಿಪಡಿಸುವೆನೆಂದು ಅವಳು ಮಾತು ಕೊಟ್ಟಳು. ಬುಧವಾರ ಮನೆಗೇ ಬಂದಳು. ಕಮಲಮ್ಮ ಕೊಟ್ಟ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ ಹೇಳಿದಳು:

"ಚಿತ್ರ ಅಳಿಸೋಕೆ ಒಪ್ಪಲ್ಲ ತಾತ, ದುಡ್ಡು ಹಾಕಿರೋದು ಅವ್ರು. ಅದಾದ್ರೂ ಪರವಾಗಿಲ್ಲ, ಜಗಳ ಆಡ್ತೀನಿ. ಆದ್ರೆ ನಾನು ನಿಮ್ಮ ಹೆಸರು ಹೇಳ್ಲಿಲ್ಲ, ಸುಮ್ನೆ ಹಿಂಗಿದ್ರೆ ಹೆಂಗೆ ಅಂತ ಕೇಳ್ದೆ. ಗೋಡೆಯಲ್ಲಿ ಸಮಾಧಿದು ಏನಾದ್ರೂ ಇದೆ ಅಂತ ಯಾರಾದ್ರೂ ಬರ್ಕೊಟ್ರೆ, ಅವತ್ತೇ ಸಿಮೆಂಟ್ ಹಾಕಿ ಮುಚ್ಚಿಸ್ತಾರಂತೆ. ನಾಳೆ ಗುಡಿ ಕಟ್ತೀವಿ ಅಂತ ಜನ ಬರ್ತಾರೆ ಅನ್ನೋ ಭಯ ಅವ್ರಿಗೆ. ಈಗ ತೂತು ಉಳಿದಿರೋದೇ ಅದು ಕಪ್ಪೆ ಬಾಯಿ ಅಂತ."

ಕಮಲಮ್ಮ ಗಂಡನ ಮುಖ ನೋಡಿದಳು.

"ಕಾಫಿ ಆರ್ತದೆ, ಕುಡಿಯವ್ವ," ಎಂದನು ಆವಲಪ್ಪ.

ಅಂದು ಸಂಜೆ ಯಮನೂರ ಮೆಟ್ಟಿಲ ಮೇಲೆ ಬಂದು ಕುಳಿತನು. "ಒಂದು ಡಬ್ಬಿ ಬಿಳೀ ಬಣ್ಣ ಸಾಕ್ರಿ. ಹೊತ್ತು ಮೂಡೂದ್ರಾಗ ಕಪ್ಪಿ ಮಂಗಮಾಯ," ಎಂದನು. ಒಂದು ಗಳಿಗೆ ಬಿಟ್ಟು ತಾನೇ ಸೇರಿಸಿದನು, "ಆದ್ರ ಅಲ್ಲಿ ಕ್ಯಾಮರಾ ಐತ್ರಿ. ನಮ್ಮ ಕಂಟ್ರಾಕ್ಟರಂದು ಒಳಗಿನ ಕೆಲಸ ಅದ ಕ್ಯಾಂಪಸ್‌ನ್ಯಾಗ."

"ಬ್ಯಾಡ ಕಣಯ್ಯ. ಕಪ್ಪೆ ಹೋದ್ರೆ ಬರೀ ತೂತು ಕಾಣ್ತದೆ. ಕಂಡ್ರೆ ಮುಚ್ತಾರೆ."

ಇಬ್ಬರೂ ಬೀದಿಯ ಕಡೆ ನೋಡುತ್ತ ಕುಳಿತರು. ಮಾಡಬಹುದಾದ ಕೆಲಸ ಒಂದೂ ಉಳಿದಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಸಂಜೆ ಆವಲಪ್ಪ ಹಣತೆ, ಎಣ್ಣೆ, ಬಾಳೆಲೆಯ ತುಂಡಿನಲ್ಲಿ ಎರಡು ಕಜ್ಜಾಯ, ಎಲೆಯಡಿಕೆ, ಅವ್ವ ಇಷ್ಟಪಡುತ್ತಿದ್ದ ಚೂರು ಹೊಗೆಸೊಪ್ಪು ಇಟ್ಟುಕೊಂಡು ಹೋದನು. ಡಾಕ್ಟರ ಮಾತಿಗೆ ಕಟ್ಟುಬಿದ್ದು ಕಪ್ಪು ಕನ್ನಡಕ ಧರಿಸಿಯೇ ಇದ್ದನು. ಆಫೀಸು ಬಿಡುವ ಹೊತ್ತು. ಕಪ್ಪೆಯ ಮುಂದೆ ಐದಾರು ಜನ ನಿಂತು ಫೋಟೋ ತೆಗೆಯುತ್ತಿದ್ದರು. ಅವರು ಸರಿಯುವರೆಂದು ಕಾದನು. ಸರಿದವರ ಜಾಗಕ್ಕೆ ಬೇರೆಯವರು ಬಂದರು. ಕಡೆಗೆ ನಡುವೆಯೇ ನುಗ್ಗಿ, ಕಸ ತೆಗೆದು, ಎಲೆ ಹಾಸಿ, ಹಣತೆ ಹಚ್ಚಿ ಒಳಗಿಟ್ಟನು.

ಕಪ್ಪೆಯ ಗಂಟಲು ಬಂಗಾರದ ಬಣ್ಣಕ್ಕೆ ತಿರುಗಿತು. ಹಿಂದೆ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

"ಸಕ್ಕತ್ತಾಗಿದೆ ಮಗಾ, ಕಪ್ಪೆ ದೀಪ ನುಂಗ್ತಿದೆ," ಎಂದನೊಬ್ಬ.

"ತಾತ, ಹಂಗೇ ಇರಿ, ಒಂದ್ಸಲ ಈ ಕಡೆ ನೋಡಿ."

ಕೈ ಮುಗಿಯಬೇಕೆಂದಿದ್ದ ಆವಲಪ್ಪ, ಕೈಯನ್ನು ಗೂಡಿನಿಂದ ಹೊರತೆಗೆಯದೆ, ಅವರು ಹೇಳಿದಂತೆ ಅವರ ಕಡೆ ತಿರುಗಿ ನೋಡಿದನು.

ಮುಂದಿನ ಅಮಾವಾಸ್ಯೆ ದೀಪಾವಳಿಯದು. ಅಷ್ಟರಲ್ಲಿ ಕಪ್ಪು ಕನ್ನಡಕ ಬಿಡಬಹುದೆಂದು ಡಾಕ್ಟರು ಹೇಳಿದ್ದರು. ದೀಪ ಹಚ್ಚುವ ಹೊತ್ತಿಗೆ ಅವನು ಕನ್ನಡಕವಿಲ್ಲದೆ ಹೊಂಗೆಯ ಮೋಟಿನ ಬಳಿ ಬಂದು ನೋಡಿದರೆ, ಅಲ್ಲಿಂದ ಕಪ್ಪೆಯವರೆಗೆ ಜನರ ಸಾಲು. ಹೊಸ ಬಟ್ಟೆ ತೊಟ್ಟವರು, ಕೈಯಲ್ಲೊಂದೊಂದು ಹಣತೆ. ಹೂ ಮಾರುವವಳು ಹಣತೆಗಳ ಬುಟ್ಟಿಯನ್ನೂ ಇಟ್ಟುಕೊಂಡು ಕುಳಿತಿದ್ದಳು. ಒಡಿಶಾದ ಹುಡುಗ ಸೀಟಿ ಊದುತ್ತ ಸಾಲನ್ನು ನೆಟ್ಟಗೆ ಮಾಡುತ್ತಿದ್ದನು.

"ಲೈನಲ್ಲಿ ಬನ್ನಿ ತಾತ," ಎಂದನು. ಅವನ ಕನ್ನಡ ಈ ನಡುವೆ ಸುಧಾರಿಸಿತ್ತು.

ಆವಲಪ್ಪ ಸಾಲಿನ ತುದಿಗೆ ಹೋಗಿ ನಿಂತನು. ಮುಂದಿದ್ದ ರೇಷ್ಮೆ ಸೀರೆಯ ಹುಡುಗಿ ಹಿಂದಕ್ಕೆ ತಿರುಗಿ ನಕ್ಕಳು.

"ಫಸ್ಟ್ ಟೈಮಾ ತಾತ? ದೀಪ ಇಟ್ಟು ಮನಸಲ್ಲಿ ಒಂದೇ ಒಂದು ಕೇಳ್ಕೋಬೇಕು. ನಮ್ಮ ಟೀಮಲ್ಲಿ ಒಬ್ಬಳಿಗೆ ಪ್ರಮೋಷನ್ನೇ ಬಂತು."

"ಯಾರು ಹೇಳಿದ್ರವ್ವ ಇಂಗಂತ?"

"ಯಾರೋ ಒಬ್ರು ತಾತ ಶುರು ಮಾಡಿದ್ದಂತೆ. ವಿಡಿಯೋ ಇದೆ, ನೋಡಿ." ಅವಳು ಫೋನನ್ನು ಅವನ ಮುಖದ ಹತ್ತಿರ ಹಿಡಿದಳು. ಕಪ್ಪು ಕನ್ನಡಕದ ಮುದುಕನೊಬ್ಬ ಕಪ್ಪೆಯ ಬಾಯಲ್ಲಿ ಕೈಯಿಟ್ಟುಕೊಂಡು ಈಚೆ ತಿರುಗಿ ನೋಡುತ್ತಿದ್ದನು. "ಪಾಪ, ಅವ್ರಿಗೆ ಕಣ್ಣು ಕಾಣಲ್ಲ ಅನ್ಸುತ್ತೆ," ಎಂದಳು ಹುಡುಗಿ.

"ಹೂಂ ಕಣವ್ವ," ಎಂದನು ಆವಲಪ್ಪ.

ಸಾಲು ನಿಧಾನವಾಗಿ ಸರಿಯಿತು. ಅವನ ಸರದಿ ಬಂತು. ಎರಡು ಇಟ್ಟಿಗೆಯಗಲದ ಗೂಡಿನಲ್ಲಿ ಹಣತೆಗಳು ಒಂದಕ್ಕೊಂದು ತಾಗಿ, ಒಂದರ ಮೇಲೊಂದು ಏರಿ ಉರಿಯುತ್ತಿದ್ದವು. ಹೊಸ ಮಸಿ ಕಪ್ಪೆಯ ಮೇಲ್ದುಟಿಯನ್ನು ದಾಟಿ ಮೂಗಿನವರೆಗೆ ಹತ್ತಿತ್ತು. ತನ್ನದನ್ನು ಇಡಬೇಕಾದರೆ ಒಂದನ್ನು ತೆಗೆಯಬೇಕು. ಬಲಗಡೆಯದಕ್ಕೆ ಕೈ ಚಾಚಿದನು. ಅದು ಈಗ ತಾನೇ ಆ ಹುಡುಗಿ ಇಟ್ಟದ್ದು, ಉರಿಯುತ್ತಿತ್ತು. ಉರಿಯುವ ದೀಪವನ್ನು ಅವ್ವನ ಮುಂದಿನಿಂದ ತೆಗೆಯುವುದು ಅವನ ಕೈಯಿಂದಾಗಲಿಲ್ಲ. ಎಡಗಡೆಯದೂ ಉರಿಯುತ್ತಿತ್ತು.

"ಬೇಗ ತಾತ, ಹಿಂದೆ ಜನ ಇದಾರೆ," ಎಂದನು ಕಾವಲಿನ ಹುಡುಗ.

ಆವಲಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟನು.

ಮನೆಗೆ ಬಂದಾಗ ಕಮಲಮ್ಮ ಬಾಗಿಲಲ್ಲಿ ಸಾಲುದೀಪ ಇಡುತ್ತಿದ್ದಳು. ಅವನು ಹಣತೆಯನ್ನು ಅವಳ ಕೈಗೆ ಕೊಟ್ಟನು. ಎಣ್ಣೆ ತುಳುಕದೆ ಹಾಗೆಯೇ ಇತ್ತು. ಬತ್ತಿಯ ತುದಿ ಬಿಳಿಯಾಗಿಯೇ ಇತ್ತು. ಅದನ್ನು ಬಾಗಿಲ ಸಾಲಿನಲ್ಲಿಡಲು ಬಗ್ಗಿದವಳು, ಅತ್ತೆಯ ದೀಪವನ್ನು ತಾನು ಇಡಬಹುದೋ ಬಾರದೋ ತಿಳಿಯದೆ, ಕೈಯಲ್ಲೇ ಹಿಡಿದುಕೊಂಡು ನಿಂತಳು.