ಚುಕ್ಕಿಯಣ್ಣ ಬಳಿದ ಮೊಟ್ಟೆ

ಗೆದ್ದ ದಿನವೇ ಕೆಲಸ ಬಿಟ್ಟು ಎದ್ದು ಹೋದನೆಂದು ಚುಕ್ಕಿಯಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸ್ವಂತ ಬಾಡಿಗೆ ಕೋಣೆಯ ಕುರ್ಚಿಯಲ್ಲೂ, ಯಾರೋ ಬಂದು ಎಬ್ಬಿಸುತ್ತಾರೇನೋ ಎಂಬಂತೆ ಅಂಚಿಗೆ ಕೂರುತ್ತಿದ್ದ ಮನುಷ್ಯ ಆತ. ನಿರ್ಜನ ಓಣಿಯಲ್ಲೂ ಗೋಡೆ ಸವರಿಕೊಂಡೇ ನಡೆಯುತ್ತಿದ್ದ. ಮೈಮೇಲಿನ ಕಂದು ಕೋಟಂತೂ ಬೇರೆ ಯಾರದೋ ಅಳತೆಯದು.

ನಮ್ಮಿಬ್ಬರಿಗೂ ಹಕ್ಕಿಗಳ ಅಧ್ಯಯನ ಕೇಂದ್ರದಲ್ಲಿ ಕೆಲಸ. ಪರರ ಗೂಡಿನಲ್ಲಿ ಮೊಟ್ಟೆಯಿಟ್ಟು ಹಾರಿಹೋಗುವುದು ಕೋಗಿಲೆಯ ಕುಲ. ಆ ಕಳ್ಳಮೊಟ್ಟೆಯನ್ನು ಗೂಡಿನ ಒಡತಿ ಹೇಗೆ ಪತ್ತೆಹಚ್ಚುತ್ತಾಳೆಂದು ಅರಿಯುವುದು ಅಲ್ಲಿನ ಮೇಡಂ ಅವರ ಹಟ. ನಾನು ಮರದಲ್ಲಿ ಮೊಟ್ಟೆ ಕಡೆದು ಕೊಡುತ್ತಿದ್ದೆ, ಚುಕ್ಕಿಯಣ್ಣ ಬಣ್ಣ ಬಳಿದು ಚುಕ್ಕಿಯಿಡುತ್ತಿದ್ದ, ಮೇಡಂ ಅದನ್ನು ಪೊದೆಯ ಗೂಡಿನಲ್ಲಿಟ್ಟು ದೂರದಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದರು. ಗೂಡಿನ ಒಡತಿ ಬೂದುಹಕ್ಕಿ ಬರುತ್ತಿತ್ತು, ಕತ್ತು ಓರೆ ಮಾಡಿ ನೋಡುತ್ತಿತ್ತು, ಕೊಕ್ಕಿನಿಂದ ಎತ್ತಿ ಹೊರಗೆಸೆಯುತ್ತಿತ್ತು.

"ನಿನ್ನ ಚುಕ್ಕಿಗಿಷ್ಟು ಬೆಂಕಿ ಹಾಕ! ನನ್ನ ಮರವೆಲ್ಲ ಮಣ್ಣುಪಾಲು."

"ಬೈಬೇಡ ಕಣೋ. ಒಂದು ಸಲ ಇಟ್ಕೊಂಡ್ರೆ ಸಾಕು ನಂಗೆ."

ಎಸೆದರೂ ಇಟ್ಟುಕೊಂಡರೂ ಮೇಡಂ ಅವರಿಗೆ ಪಾಠವೇ, ಆತನಿಗೆ ಹಾಗಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಅಪ್ಪ ಮುಖ ದಿಟ್ಟಿಸಿ, 'ಇದು ನಮ್ಮನೆ ಮುಖ ಅಲ್ಲ' ಎಂದು ಹೊರಗೆ ಹಾಕಿದ್ದನಂತೆ. ಬ್ರಷ್ ತೊಳೆಯುತ್ತ ಒಮ್ಮೆ ಹೇಳಿದ್ದ, ಅಷ್ಟೇ.

ಆಮೇಲೆ ಆತ ಅದೇ ಹಕ್ಕಿಯ ಮೊಟ್ಟೆಗಳನ್ನು ನೋಡಿ ನೋಡಿ, ದಪ್ಪ ತುದಿಯ ಸುತ್ತಲಿನ ಮಸುಕು ಬಳೆಯನ್ನು ಕೂಡ ಬಿಡದೆ ಬರೆದ. ಅದನ್ನು ಗೂಡಿಗಿಟ್ಟ ಬೆಳಿಗ್ಗೆ ಹಕ್ಕಿ ಬಂತು, ನೋಡಿತು, ಮತ್ತೆ ನೋಡಿತು, ಒಂದನ್ನು ಹೊರಗೆಸೆದು ಉಳಿದವುಗಳ ಮೇಲೆ ಕೂತಿತು. ಅದು ಮೇಯಲು ಹೋದಾಗ ಓಡಿದೆವು. ನನ್ನ ಮರದ ಮೊಟ್ಟೆ ಗೂಡಿನಲ್ಲಿತ್ತು. ಕೆಳಗೆ ಒಡೆದು ಬಿದ್ದದ್ದು ಹಕ್ಕಿಯದೇ. ಗುರುತು ತಪ್ಪಿದರೆ ಹೀಗೂ ಆಗುವುದುಂಟು ಎಂದರು ಮೇಡಂ.

"ಗೆದ್ದೆ ಕಣಣ್ಣ!" ಎಂದು ನಾನು ಕುಣಿದೆ.

ಆತ ಮಂಡಿಯೂರಿ, ಒಡೆದ ಚಿಪ್ಪನ್ನು ಅಂಗೈಗೆ ತೆಗೆದುಕೊಂಡ. "ಎಷ್ಟು ಹೊತ್ತು ನೋಡ್ತು ಪಾಪ. ನೋಡಿ ನೋಡಿ ತನ್ನದನ್ನೇ ಎಸೀತಲ್ಲೋ."

"ಹಕ್ಕಿ ಅದು, ಇನ್ನೊಂದು ಇಡತ್ತೆ ಬಿಡು!"

"ಅದಕ್ಕೆ ಯಾವತ್ತೂ ಗೊತ್ತೇ ಆಗಲ್ಲ, ಅಲ್ವೇನೋ?"

ಮರುದಿನ ಬರಲಿಲ್ಲ. ಕೋಣೆಗೆ ಹೋಗಿ ಕೂಗಾಡೋಣವೆಂದರೆ ಬೀಗವೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ.

ಹೊರದೂಡಿಸಿಕೊಂಡವರಲ್ಲಿ ಇಂಥದೊಂದು ಜಾತಿಯಿದೆ. ಒಳಗೆ ಜಾಗ ಸಿಕ್ಕ ಕ್ಷಣ, ಅದಕ್ಕಾಗಿ ಹೊರಗೆ ಬಿದ್ದವರಾರೆಂದು ಬಗ್ಗಿ ನೋಡುತ್ತಾರೆ. ನೋಡಿದ ಮೇಲೆ ಅಲ್ಲಿ ನಿಲ್ಲಲಾರರು. ನಮ್ಮಂಥವರು ನಿಲ್ಲುತ್ತೇವೆ, ಮೇಲೆ ಸಿಟ್ಟೂ ಮಾಡುತ್ತೇವೆ. ಬೂದುಹಕ್ಕಿಗೆ ನಾವಿಬ್ಬರೂ ಸೇರಿ ಒಂದು ಮೊಟ್ಟೆ ಬಾಕಿ; ಅದನ್ನು ತೀರಿಸುವ ಬಗೆ ಎಲ್ಲೋ ಇರುವ ಅವನಿಗೂ ಹೊಳೆದಿರಲಿಕ್ಕಿಲ್ಲ.